ಹೆದರಿದ್ದೆ ಎಂದ ಗೋಲ್‌ಕೀಪರ್

ಅವರ ಎಡಹುಬ್ಬು ಮೂರು ತುಂಡಾಗಿತ್ತು, ನಡುನಡುವೆ ಹೊಲಿಗೆಯ ಬಿಳಿ ಗೆರೆ. ಮೂಗು ಬಲಕ್ಕೆ ವಾಲಿತ್ತು. ಟೆಕ್ಸಾಸ್‌ನ ಯೂಲೆಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು, ನನಗೆ ಅಂಕಲ್. ಮೊದಲ ಸಲ ಕಂಡಾಗ ಪಾಪ, ಎಲ್ಲೋ ಕಾರ್ ಅಪಘಾತವಿರಬೇಕು ಎಂದು ಮರುಗಿದ್ದೆ. ಆಮೇಲೆ ತಿಳಿಯಿತು, ಅದೆಲ್ಲ ಅವರ ವೃತ್ತಿ ಕೊಟ್ಟ ಬಳುವಳಿ.

ಕೆನಡಾದಲ್ಲಿ ಹುಟ್ಟಿದ ಅಂಕಲ್ ಐವತ್ತರ ದಶಕದಲ್ಲಿ ಐಸ್ ಹಾಕಿ ತಂಡಗಳಿಗೆ ಸಂಬಳಕ್ಕೆ ಗೋಲ್ ಕಾದವರು. ಆಗ ಗೋಲ್‌ಕೀಪರ್‌ಗಳು ಬರಿಮುಖದಲ್ಲೇ ನಿಲ್ಲುತ್ತಿದ್ದರು. ಪಕ್ ಎನ್ನುವ ಗಟ್ಟಿ ರಬ್ಬರ್ ಬಿಲ್ಲೆ ಮುಖಕ್ಕೆ ಬಡಿದರೆ ಒಳಗೆ ಹೋಗಿ ಹೊಲಿಸಿಕೊಂಡು ಮತ್ತೆ ಬಂದು ನಿಲ್ಲಬೇಕು. ಒಮ್ಮೆ ಕಣ್ಣೇ ಹೋಗುವುದು ಸ್ವಲ್ಪದರಲ್ಲಿ ತಪ್ಪಿದಾಗ ಇವರು ತಾವೇ ಒಂದು ಮುಖವಾಡ ಮಾಡಿಕೊಂಡು ಹೋದರು. ಕೋಚ್ ಎಲ್ಲರೆದುರು ಪುಕ್ಕಲ ಎಂದು ಹೀಯಾಳಿಸಿ ತಂಡದಿಂದ ತೆಗೆದುಹಾಕಿದ. ಅಲ್ಲಿಗೆ ಆಟ ಮುಗಿಯಿತು. ಟೆಕ್ಸಾಸ್‌ಗೆ ಬಂದು ಊರವರ ಏಸಿ ರಿಪೇರಿ ಮಾಡಿಕೊಂಡಿದ್ದರು.

ತೊಂಬತ್ತರ ದಶಕದ ಕೊನೆಗೆ ಹತ್ತಿರದಲ್ಲೇ ಮಂಜಿನ ಅಂಕಣವೊಂದು ಬಂತು. ಶನಿವಾರ ಬೆಳಿಗ್ಗೆ ಅಂಕಲ್ ಹೆಂಗಸರಿಗೆ ಹಾಕಿ ಕಲಿಸತೊಡಗಿದರು. ಮೈಸೂರಿನಲ್ಲಿ ಕಬ್ಬಿನ ಹಾಲಿನ ಲೋಟದಲ್ಲಷ್ಟೇ ಐಸ್ ಕಂಡಿದ್ದ ನಾನೂ ಸೇರಿದೆ. "ಈ ವಯಸ್ಸಲ್ಲಿ ಕಾಲ್ ಮುರ್ಕೊಂಡ್ರೆ ಆಫೀಸಲ್ಲಿ ಏನಂತ ಹೇಳ್ತೀಯಾ?" ಎಂದು ನನ್ನವರು ಕೇಳಿದರು. ಆ ಮಾತಿಗೇ ಹಟ ಬಂತು.

ಮೊದಲ ದಿನ ಮೂರು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಹೋದೆ. ಅಂಕಲ್ ಎಲ್ಲ ಬಿಚ್ಚಿಸಿ ತೆಳ್ಳನೆಯದೊಂದನ್ನು ಕೊಟ್ಟರು. ಪಾದಕ್ಕೆ ಬೂಟಿನ ಹಿಡಿತ ಗೊತ್ತಾಗಬೇಕಂತೆ. ಅಂಕಣಕ್ಕೆ ಇಳಿಯುವ ಮುಂಚೆ, ರಂಗ ಹತ್ತುವವರಂತೆ, ಅಭ್ಯಾಸಬಲದಿಂದ ಮಂಜು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಉಳಿದವರು ಕಿಸಕ್ಕೆಂದರು. ಅಂಕಲ್ ನಗಲಿಲ್ಲ. ತಾವೂ ಪ್ರತಿ ಆಟಕ್ಕೆ ಮುಂಚೆ ಗೋಲಿನ ಎರಡೂ ಕಂಬಗಳನ್ನು ಕೋಲಿನಿಂದ ತಟ್ಟುತ್ತಿದ್ದುದಾಗಿ ಹೇಳಿ, ನನ್ನನ್ನು ಆಗಾಗ ಗೋಲಿಗೆ ನಿಲ್ಲಿಸತೊಡಗಿದರು.

ಎರಡನೆಯ ವರ್ಷ ನಮ್ಮ ತಂಡ ಫೈನಲ್ ತಲುಪಿತು. ಆಟಕ್ಕೆ ಮುಂಚೆ ನಮ್ಮ ಗೋಲ್‌ಕೀಪರ್ ಕಾಲು ಉಳುಕಿಸಿಕೊಂಡಳು. ಅಂಕಲ್ ಅವಳ ಮುಖವಾಡ ತಂದು ನನ್ನ ಕೈಗಿಟ್ಟರು. ಆಗುವುದಿಲ್ಲ, ಭಯವಾಗುತ್ತಿದೆ ಎಂದೆ. ಅವರು ಆಡಿದ್ದು ಇಂಗ್ಲಿಷಿನಲ್ಲೇ, ನನ್ನೊಳಗೆ ಮಾತ್ರ ಕನ್ನಡದಲ್ಲಿ ಉಳಿದಿದೆ:

"ನಂಗೂ ಭಯ ಇತ್ತಮ್ಮ. ಇದನ್ನ ನನ್ನ ಹೆಂಡ್ತಿಗೂ ಹೇಳಿಲ್ಲ. ಭಯ ಇತ್ತು ಅಂತಲೇ ಮುಖವಾಡ ಹಾಕ್ಕೊಂಡೆ. ನಾನಾಗೇ ಆಡೋದು ಬಿಡಲಿಲ್ಲವಲ್ಲ. ನೀನೂ ಹಾಕ್ಕೊಂಡು ನಿಲ್ಲು."

ನಿಂತೆ. ಕೊನೆಯ ನಿಮಿಷದಲ್ಲಿ ನಾವು ಒಂದು ಗೋಲಿನಿಂದ ಮುಂದಿದ್ದೆವು. ಪಕ್ ನೇರ ನನ್ನ ಎಡಗಣ್ಣಿನ ಮೇಲೆಯೇ ಮುಖವಾಡಕ್ಕೆ ಬಂದು ಬಡಿಯಿತು. ತಲೆಯೊಳಗೆ ಗಂಟೆ ಬಾರಿಸಿದ ಹಾಗಾಯಿತು. ಮುಂದೆ ಬಿದ್ದ ಬಿಲ್ಲೆಯನ್ನು ಮೈಯಿಂದ ಮುಚ್ಚಿ ಮಲಗಿಬಿಟ್ಟೆ. ಗೆದ್ದೆವು. ಎಪ್ಪತ್ತು ದಾಟಿದ ಅಂಕಲ್ ಚಪ್ಪಲಿಯಲ್ಲೇ ಅಂಕಣಕ್ಕೆ ಇಳಿದು ಜಾರುತ್ತ ಬಂದರು. ಮುಖವಾಡದ ಮೇಲಿನ ಕಪ್ಪು ಗುರುತನ್ನು ಬೆರಳಿನಿಂದ ಸವರಿ, "ನೋಡ್ದಾ? ನಾನು ಮಾಡಿದ್ದು ಸರಿಯಾಗೇ ಇತ್ತು" ಎಂದು ಅಳುತ್ತ ನಕ್ಕರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡಾಗ ಚರ್ಚಿನಲ್ಲಿ ನಾಲ್ಕು ಮಾತಾಡಲು ನನ್ನನ್ನೂ ಕರೆದರು. ಹೇಳಲೋ ಬೇಡವೋ ಎಂದು ತುಂಬಾ ಯೋಚಿಸಿದೆ. ಕೊನೆಗೆ ಹೇಳಿಯೇಬಿಟ್ಟೆ, ಅವರಿಗೆ ಭಯವಿತ್ತು, ಅದನ್ನು ನನ್ನೆದುರು ಒಪ್ಪಿಕೊಂಡರು, ಅದರಿಂದಲೇ ನಾನು ಅಂದು ನಿಂತೆ ಎಂದು. ಹಿಂದಿನ ಸಾಲಿನಿಂದ, ಅವರ ಹಳೆಯ ತಂಡದ ಮುದುಕರೊಬ್ಬರು ಊರುಗೋಲು ಹಿಡಿದು ಎದ್ದರು. ಅವರ ಮುಖದಲ್ಲೂ ಹೊಲಿಗೆಗಳಿದ್ದವು.

"ಭಯ ನಮಗೆಲ್ಲರಿಗೂ ಇತ್ತು," ಎಂದರು. "ಮುಖವಾಡ ಹಾಕ್ಕೊಳ್ಳೋ ಧೈರ್ಯ ಇದ್ದಿದ್ದು ಅವನೊಬ್ಬನಿಗೇ."