ನಜಮುನ್ನೀಸಾ ತೋರಿಸಿದ ಜಾಗ

ಗೋರೆಗಾಂವ್‌ನ ಆ ಮೂರು ಮಾಳಿಗೆಯ ಬಿಲ್ಡಿಂಗಿನಲ್ಲಿ ನಜಮುನ್ನೀಸಾ ಹನ್ನೊಂದು ವರ್ಷ ಪಾತ್ರೆ ತಿಕ್ಕಿ, ನೆಲ ಒರೆಸಿದವಳು. ಯಾರ ಮನೆಯ ಯಾವ ಡಬ್ಬಿಯಲ್ಲಿ ಏನಿದೆ, ಯಾರು ಎಷ್ಟು ಹೊತ್ತಿಗೆ ಸ್ನಾನಕ್ಕೆ ಹೋಗುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಅವಳು ಕಸ ಚೆಲ್ಲಲು ಗಲ್ಲಿಯ ತುದಿಗೆ ಹೋಗಿದ್ದಳು. ಬೆನ್ನ ಹಿಂದೆ ನೆಲವೇ ಕುಸಿದಂಥ ಸದ್ದು. ತಿರುಗಿದರೆ ಬಿಲ್ಡಿಂಗೇ ಇಲ್ಲ, ಬರೀ ಧೂಳು.

ಅಗ್ನಿಶಾಮಕದಳದ ಗಾಡಿ ಬಂತು. ಗಲ್ಲಿಯೊಳಗೆ ಹಿಡಿಸಲಿಲ್ಲ. ಜವಾನರು ಜಾಕು, ಕಟರುಗಳನ್ನು ಹೆಗಲ ಮೇಲೆ ಹೊತ್ತು ಓಡಿಬಂದರು. ನೆರೆದವರೆಲ್ಲ ಒಟ್ಟಿಗೇ ಕೂಗುತ್ತಿದ್ದರು. ತಂಡದ ಮುಖ್ಯಸ್ಥ ಶರಣಬಸಪ್ಪ, ಒಳಗಿನದನ್ನು ಬಲ್ಲವರು ಯಾರು ಎಂದು ಹಿಂದಿಯಲ್ಲಿ ಕೇಳಿದಾಗ ಯಾರೋ ನಜಮುನ್ನೀಸಾಳನ್ನು ಮುಂದೆ ತಳ್ಳಿದರು.

"ಯಾ ಅಲ್ಲಾ, ನಾ ಏನ್ ಮಾಡ್ಲಿ" ಎಂದು ಅವಳು ಬಡಬಡಿಸಿದ್ದು ಕೇಳಿ ಅವನು ಹಿಂದಿ ಬಿಟ್ಟು ಕನ್ನಡಕ್ಕಿಳಿದ.

"ಯಾವೂರ್ರಿ ಅಕ್ಕಾ?"

"ಇಂಡಿ ಕಡಿ ರೀ."

"ನಾ ಅಕ್ಕಲಕೋಟದಾಂವ. ಅಳಬ್ಯಾಡ್ರಿ. ಒಳಗ ಯಾರದಾರ, ಯಾವ ಖೋಲ್ಯಾಗ ಅದಾರ, ಅಷ್ಟ ಹೇಳ್ರಿ."

ಅವನು ಕೈಗಿಟ್ಟ ಸೀಮೆಸುಣ್ಣದಿಂದ ಅವಳು ರಸ್ತೆಯ ಮೇಲೆ ಚೌಕಗಳನ್ನು ಗೀಚಿದಳು. ಮಾಳಿಗೆಗೊಂದು ಚೌಕ. ಕೆಳಗಿನವರು ಊರಿಗೆ ಹೋಗಿದ್ದಾರೆ. ಮೊದಲ ಮಾಳಿಗೆಗೆ ಬೀಗ. ಎರಡನೆಯದರಲ್ಲಿ ಒಬ್ಬರೇ ಇರುವ ರಮಾನಾಥ. "ಅವ್ರು ದಾದರಿಗೆ ಆಫೀಸಿಗೆ ಹೋಗಿರ್ತಾರ್ರಿ. ಎಂಟೂ ಇಪ್ಪತ್ತರ ಲೋಕಲ್ ಒಂದಿನಾನೂ ತಪ್ಸಂಗಿಲ್ಲ." ಮೂರನೆಯದರಲ್ಲಿ ಶಾಮಲಾ ಟೀಚರ್. ಈ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಪೂಜೆಗೆ ಕೂತಿರುತ್ತಾರೆ.

"ಆ ಅಡಗಿಮನಿ ಈಗ ಎಲ್ಲಿ ಬಿದ್ದೈತಿ?"

ಅವಳು ಅವಶೇಷದ ಸುತ್ತ ಓಡಾಡಿ ಹುಡುಕಿದಳು. ಒಂದು ಕಡೆ ನೀಲಿ ಚೂರುಗಳು ಕಂಡವು. "ಆ ಟೈಲ್ಸ್ ನಾನ ತಿಕ್ಕೀನ್ರಿ! ಟೀಚರ್ದ ಒಲಿ ಹಿಂದಿನ ಗ್ವಾಡಿ ಅದು!"

ಸದ್ದು ನಿಲ್ಲಿಸಲು ಶರಣಬಸಪ್ಪ ಸೀಟಿ ಊದಿದ. ಕಟರುಗಳೆಲ್ಲ ನಿಂತವು. ಅವನು ಬಿರುಕಿಗೆ ಕಿವಿಯಿಟ್ಟು ಮಲಗಿದ. ಎಲ್ಲೋ ಆಳದಲ್ಲಿ ಸ್ಟೀಲಿಗೆ ಸ್ಟೀಲು ತಾಗುವ ಸಣ್ಣ ಸದ್ದು.

ಐದು ತಾಸು ಹಿಡಿಯಿತು. ಚಪ್ಪಡಿ ಎತ್ತಿ, ಮರದ ಆಸರೆ ಕೊಟ್ಟು, ಕಬ್ಬಿಣ ಕತ್ತರಿಸಿ ಟೀಚರನ್ನು ಹೊರತೆಗೆದಾಗ ಅವರ ಸೊಂಟ ಮುರಿದಿತ್ತು, ಜೀವವಿತ್ತು. "ನಜಮಾ, ಗ್ಯಾಸ್ ಆಫ್ ಮಾಡಿದ್ಯೇನೇ?" ಎಂದರು.

ಅವಳು ನಗುತ್ತಲೇ ಅಳತೊಡಗಿದಾಗ ದಾದರ್ ಆಫೀಸಿನಿಂದ ಒಬ್ಬ ಬಂದ. ರಮಾನಾಥರಿಗೆ ಜ್ವರವಂತೆ, ಬೆಳಿಗ್ಗೆ ರಜೆ ಹೇಳಿದ್ದರಂತೆ.

ನಜಮುನ್ನೀಸಾ ಕಲ್ಲುಗಳ ಮೇಲೆ ಓಡಿದಳು. ಅವರ ಮಂಚ ಇನ್ನೊಂದು ಬದಿಯ ಕಿಟಕಿಯ ಹತ್ತಿರವಿತ್ತು. ಬರಿಗೈಯಿಂದ ಕೆದಕಿದಳು, ಉಗುರು ಕಿತ್ತುಬಂತು. ಇಬ್ಬರು ಜವಾನರು ಅವಳನ್ನು ಎತ್ತಿಕೊಂಡೇ ಕೆಳಗಿಳಿಸಬೇಕಾಯಿತು. ಸೀಟಿ ಮತ್ತೆ ಮತ್ತೆ ಊದಿದರು. ಆ ಕಡೆಯಿಂದ ಯಾವ ಸದ್ದೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ರಮಾನಾಥರ ಹೆಣ ಸಿಕ್ಕಿತು. ನಜಮುನ್ನೀಸಾ ಗಲ್ಲಿ ಬಿಟ್ಟು ಕದಲಿರಲಿಲ್ಲ.

"ನಾ ಖರೆ ಹೇಳಿದ್ರ ಉಳೀತಿದ್ರೇನ್ರಿ?"

ಶರಣಬಸಪ್ಪನ ಕಣ್ಣುಗಳು ಕೆಂಪಾಗಿದ್ದವು. ಅವನು ಸುಳ್ಳು ಸಮಾಧಾನ ಹೇಳಲಿಲ್ಲ. "ಗೊತ್ತಿಲ್ಲ ಅಕ್ಕಾ. ನೀವು ತಿಳಿದದ್ದು ಹೇಳಿದ್ರಿ. ಆ ಕಡಿ ಕಿವಿ ಇಡಬೇಕಾದಾಂವ ನಾ. ಇಡಲಿಲ್ಲ." ಹೆಲ್ಮೆಟ್ ತೆಗೆದು ಅವಳ ಪಕ್ಕದಲ್ಲೇ ಕೂತ. ಗಾಡಿಯಿಂದ ಕರೆ ಬಂದಾಗಲೇ ಎದ್ದ.

ಶಾಮಲಾ ಟೀಚರ್ ಈಗ ಮಾಟುಂಗದ ತಂಗಿಯ ಮನೆಯಲ್ಲಿದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ. ವಾರಕ್ಕೊಮ್ಮೆ ನಜಮುನ್ನೀಸಾ ಲೋಕಲ್ ಹತ್ತಿ ಹೋಗಿ ಅವರ ತಲೆಗೆ ಎಣ್ಣೆ ಹಚ್ಚಿ ಬರುತ್ತಾಳೆ. "ನೀನು ಜಾಗ ತೋರಿಸದೆ ಇದ್ದಿದ್ರೆ ನಾನೆಲ್ಲಿರ್ತಿದ್ದೆ ಹೇಳು" ಎಂದು ಟೀಚರ್ ಬಂದವರ ಎದುರು ಶುರುಮಾಡಿದರೆ, ಅವಳು ಎಣ್ಣೆಗೈಯಲ್ಲೇ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಾಳೆ.