ಸಿಪ್ಪೆ ಸುಲಿದ ಮಾವು

ಹೊಸದುರ್ಗದ ಹತ್ತಿರ ಮಾವಿನ ತೋಪು ಕಾಯುತ್ತಿದ್ದ ಜಂಪಣ್ಣನನ್ನು ದೂರದಿಂದ ಕಂಡವರು ನವಿಲೆಂದೇ ತಿಳಿಯುತ್ತಿದ್ದರು. ಹಣ್ಣಿಗೆ ಕಪ್ಪುಚುಕ್ಕೆ ರೋಗ ಬಿದ್ದಾಗಿನಿಂದ ಮೈಲುತುತ್ತ, ಸುಣ್ಣ ಕಲಸಿ ಮರಗಳಿಗೆ ಎರಚಿ ಎರಚಿ ಅವನ ಪಂಚೆ ನೀಲಿ, ಮೀಸೆ ನೀಲಿ. ಅವನು ಇಲ್ಲಿ ಸೀನಿದರೆ ಅಷ್ಟು ದೂರದ ತುರುವನೂರಿನ ಎತ್ತುಗಳ ಕೊಂಬುಗಳು ನೀಲಿಯಾಗುತ್ತಿದ್ದವು. ಚುಕ್ಕೆ ಬಿದ್ದ ಕಾಯಿ ಕಂಡರೆ, "ಲೇ, ನಿಂಗ್ಯಾರೋ ಕಾಡಿಗೆ ಹಚ್ಚಿದ್ದು?" ಎಂದು ಗದರಿಸಿ ಕಿತ್ತು ಹೂಳುತ್ತಿದ್ದ. "ಫಸಲು ಹೆಂಗೈತೆ ಜಂಪಣ್ಣ?" ಎಂದು ಯಾರಾದರೂ ಕೇಳಿದರೆ, "ದೃಷ್ಟಿ ತಾಗೋ ಹಂಗೈತೆ, ನೋಡ್ದೆ ಮುಂದಕ್ಕೆ ಹೋಗ್ರಿ" ಎನ್ನುತ್ತಿದ್ದ. ಬಾವಿ ಪಕ್ಕದ ಮರಕ್ಕೆ ಮಾತ್ರ ಎರಡು ಪಟ್ಟು ಔಷಧಿ. ಅದು ಅವನ ಹೆಂಡತಿ ಏಕಾಂತಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಆಮೇಲೆ ಸಿಡುಬು ಅವಳ ಎರಡೂ ಕಣ್ಣು ಕಿತ್ತುಕೊಂಡಿತ್ತು. ಆ ಮರಕ್ಕೂ ರೋಗ ಹತ್ತಿದ್ದು ಅವಳಿಗೆ ಗೊತ್ತಾಗದಿರಲೆಂದು, ಚುಕ್ಕೆಯ ಕುಳಿ ಅವಳ ಬೆರಳಿಗೆ ಸಿಗದಂತೆ ಹಣ್ಣಿನ ಸಿಪ್ಪೆ ಸುಲಿದೇ ಕೊಡುತ್ತಿದ್ದ. "ನಿನ್ನ ಮರದ್ದು ಕಣೇ, ಒಂದು ಚುಕ್ಕೆನೂ ಇಲ್ಲ" ಎನ್ನುತ್ತಿದ್ದ. ಏಕಾಂತಮ್ಮ ಹಣ್ಣು ತಿಂದು, ಸುಣ್ಣಕ್ಕೆ ಒಡೆದ ಅವನ ಅಂಗೈಯನ್ನು ಹುಡುಕಿ ಹಿಡಿದು, ಒಂದೊಂದೇ ಬಿರುಕು ಸವರುತ್ತಾ, "ಸಕ್ಕರೆ ಆಗೈತೆ ಕಣ್ರಿ. ನಾಳೆ ನನ್ನ ಮರಕ್ಕೆ ಔಷಧಿ ಎರಚೋಕೆ ಮುಂಚೆ ಕೈಗೊಂದಿಷ್ಟು ಎಣ್ಣೆ ಹಚ್ಕಳ್ರಿ" ಎನ್ನುತ್ತಿದ್ದಳು.