ವೀಸಾ ಬೇಡದವರ ಫೈಲು

ಕಾಕನ ಅಂಗಿಗೆ ಎದೆಯ ಎರಡೂ ಬದಿಯಲ್ಲಿ ಜೇಬು. ಅಂಗಡಿಯ ಅಂಗಿಗೆ ಒಂದೇ ಜೇಬಿರುತ್ತದೆಂದು ದುಬೈಯ ಸತ್ವಾದ ದರ್ಜಿಯ ಹತ್ತಿರ ಬೇಕೆಂದೇ ಹೊಲಿಸಿಕೊಳ್ಳುತ್ತಿದ್ದರು. ಎಡಜೇಬಿನಲ್ಲಿ ಪೆನ್ನು, ಕನ್ನಡಕ. ಬಲಜೇಬಿನಲ್ಲಿ ನಾವೆಲ್ಲರೂ, ಅಂದರೆ ಆಫೀಸಿನ ಅಷ್ಟೂ ಮಂದಿಯ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ರಬ್ಬರ್ ಬ್ಯಾಂಡ್ ಹಾಕಿ. ಎಲ್ಲವೂ ಆನ್‌ಲೈನ್ ಆಗಿ ಫೋಟೊ ಕೇಳುವವರೇ ಇಲ್ಲವಾದ ಮೇಲೂ ಆ ಕಟ್ಟು ಅಲ್ಲಿಂದ ಕದಲಲಿಲ್ಲ. ನನ್ನ ಗಂಡ ಕೂಡ ನನ್ನ ಫೋಟೊವನ್ನು ಅಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡವನಲ್ಲ.

ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವರನ್ನು ಇಲ್ಲಿ ಮಂದೂಬ್ ಅನ್ನುತ್ತಾರೆ. ಅಲ್ ಬರ್ಷಾದ ನಮ್ಮ ಆಫೀಸಿನ ಮಂದೂಬ್ ಉಳ್ಳಾಲದ ಕಡೆಯ ಬ್ಯಾರಿ. ನಾನು ಸುರತ್ಕಲ್‌ನವಳು, ಅದೇ ಆಫೀಸಿನ ಸಿಬ್ಬಂದಿ ವಿಭಾಗದ ಗುಮಾಸ್ತೆ. ಉಳಿದವರು ಅವರನ್ನು ಹೆಸರು ಹಿಡಿದು ಕರೆದರೆ ನಾನು ಮೊದಲ ದಿನದಿಂದಲೂ ಕಾಕ ಅಂದೆ. ಅವರು ನನ್ನನ್ನು ಮಾರಾಯ್ತಿ ಅಂದರು. ಅಲ್ಲಿಗೆ ಪರಿಚಯ ಮುಗಿಯಿತು.

ಕಾಕ ಓಡಿದ್ದನ್ನು ಯಾರೂ ಕಂಡಿಲ್ಲ. ಮ್ಯಾನೇಜರು ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಗದರಿದರೂ ಚಹಾ ಮುಗಿಸಿಯೇ ಏಳುತ್ತಿದ್ದರು. ಆದರೆ ಮಧ್ಯಾಹ್ನ ಹತ್ತಿರ ಬಂದಾಗ ಯಾವ ಕಚೇರಿಗೂ ಹೋಗುತ್ತಿರಲಿಲ್ಲ. ಕೌಂಟರಿನಲ್ಲಿ ಕೂತವನಿಗೂ ಹಸಿವಾಗುತ್ತದೆ, ಹಸಿದವನ ಕೈಗೆ ಕಾಗದ ನೀಡಿದರೆ ಅದರಲ್ಲಿ ತಪ್ಪೇ ಕಾಣುತ್ತದೆ ಅನ್ನುವುದು ಅವರ ವಾದ. ಬೆಳಗ್ಗೆ ಬಾಗಿಲು ತೆರೆಯುವಾಗ ಅವರು ಹೊರಗೆ ನಿಂತಿರುತ್ತಿದ್ದರು, ಅಂಗಿಗೆ ಇಸ್ತ್ರಿ ಹಾಕಿಕೊಂಡು.

ನಮ್ಮಲ್ಲಿ ಹೊಸಬರು ಕೆಲಸಕ್ಕೆ ಸೇರಿದರೆ ಎಲ್ಲವೂ ವೀಸಾದಿಂದ ಶುರುವಾಗುತ್ತದೆ. ವೀಸಾಕ್ಕೆ ಒಂದು ಫೈಲು. ಆ ಫೈಲಿನ ಹಿಂದೆ ಲೇಬರ್ ಕಾರ್ಡು, ವಿಮೆ, ಬ್ಯಾಂಕು ಎಲ್ಲವೂ ರೈಲಿನ ಡಬ್ಬಿಗಳ ಹಾಗೆ ಬರುತ್ತವೆ. ಊರು ಬಿಟ್ಟು ಬಂದ ನಮ್ಮಂಥವರ ತಲೆಯಲ್ಲಿ ಮನುಷ್ಯ ಅಂದರೇ ವೀಸಾ. ಹಾಗಾಗಿ ಒಬ್ಬ ಒಮಾನಿ ಹೆಂಗಸು ನಮ್ಮ ಗೋದಾಮಿನ ಗುಣಮಟ್ಟ ವಿಭಾಗಕ್ಕೆ ಸೇರಿದಾಗ ನಾನು ಖುಷಿಪಟ್ಟೆ. ನೆರೆಯ ದೇಶದವಳು, ವೀಸಾ ಬೇಡ, ನನಗೊಂದು ಕೆಲಸ ಕಡಿಮೆ. ಸಂಬಳದ ಪಟ್ಟಿಗೆ ಹೆಸರು ಸೇರಿಸಿ ಸುಮ್ಮನಾದೆ. ವೀಸಾ ಇಲ್ಲದ್ದರಿಂದ ಫೈಲು ಹುಟ್ಟಲಿಲ್ಲ. ಫೈಲು ಹುಟ್ಟದ್ದರಿಂದ ಆಕೆಯ ಪಿಂಚಣಿಯ ನೋಂದಣಿ ಯಾರಿಗೂ ನೆನಪಾಗಲಿಲ್ಲ.

ಕೊಲ್ಲಿಯ ಆರು ದೇಶಗಳು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿವೆ. ಒಮಾನಿನವರು ದುಬೈಯಲ್ಲಿ ದುಡಿದರೂ ಅವರ ಪಿಂಚಣಿ ಒಮಾನಿನಲ್ಲೇ ಮುಂದುವರಿಯಬೇಕು, ಇಲ್ಲಿನ ಕಂಪನಿ ಅಲ್ಲಿನ ಕಚೇರಿಗೆ ಕಂತು ಕಟ್ಟಬೇಕು. ಗಡಿ ದಾಟಿದರೂ ದುಡಿದ ವರ್ಷಗಳು ಕಳೆದುಹೋಗಬಾರದು ಅನ್ನುವುದು ಅದರ ಉದ್ದೇಶ. ನಾನು ಕಳೆದಿದ್ದೆ, ಒಂದಲ್ಲ, ಮೂರು ವರ್ಷ.

ಗೊತ್ತಾದದ್ದು ಆಕೆ ನನ್ನ ಮೇಜಿನ ಹತ್ತಿರ ಬಂದು ಒಂದು ದೃಢೀಕರಣ ಪತ್ರ ಕೇಳಿದಾಗ. ತಾಯಿ ಹಾಸಿಗೆ ಹಿಡಿದಿದ್ದರು, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಮಸ್ಕತ್‌ನಲ್ಲಿ ದುಡಿದ ವರ್ಷಗಳಿಗೆ ಇಲ್ಲಿಯ ಮೂರು ಸೇರಿದರೆ ಪಿಂಚಣಿಗೆ ಸರಿಯಾಗುತ್ತದೆ, ಆ ಧೈರ್ಯದಲ್ಲಿ ಕೆಲಸ ಬಿಟ್ಟು ಹೋಗುತ್ತೇನೆ ಎಂದು ಚೆಂದದ ಹಿಂದಿಯಲ್ಲಿ ಹೇಳಿದಳು. ನಾಳೆ ಕೊಡುತ್ತೇನೆ ಅಂದೆ. ಆಕೆ ಅತ್ತ ಹೋದ ಮೇಲೆ ಹುಡುಕಿದೆ. ಫೈಲೇ ಇಲ್ಲ. ಕೆಲಸ ಹೋಗುವಂಥ ತಪ್ಪು. ಅದೇ ತಿಂಗಳು ನನ್ನ ಗಂಡನ ಕೆಲಸ ಹೋಗಿತ್ತು. ಅವನೂ ಮಗಳೂ ನನ್ನ ವೀಸಾದ ಮೇಲೆಯೇ ಇದ್ದರು.

ಕಾಕನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಚಹಾ ಮುಗಿಸಿದರು.

"ನಷ್ಟ ಯಾರಿಗೆ? ಅವಳಿಗೆ ಅಲ್ವಾ? ಮೊದಲು ಅವಳಿಗೆ ಹೇಳ್ಬೇಕು. ನೀನೇ ಹೇಳ್ಬೇಕು," ಅಂದರು. "ಮ್ಯಾನೇಜರ ಹತ್ತಿರ ನಾನು ಮಾತಾಡ್ತೇನೆ. ಅಲ್ಲಿ ನೀನು ಬಾಯಿ ಹಾಕ್ಬೇಡ ಆಯ್ತಾ?"

ಹೇಳಿದೆ. ನನ್ನ ತಾಯಿಗೆ ಏನು ಹೇಳಲಿ ಎಂದಷ್ಟೇ ಆಕೆ ಕೇಳಿದಳು. ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಒಳ್ಳೆಯದಿತ್ತು.

ಕಾಕ ಮ್ಯಾನೇಜರ ಕೋಣೆಯಲ್ಲಿ ಎಷ್ಟೋ ಹೊತ್ತು ಇದ್ದು ಸಹಿಯಾದ ಪತ್ರ ಹಿಡಿದು ಹೊರಬಂದರು. ಬಾಕಿ ಕಂತನ್ನೆಲ್ಲ ಕಂಪನಿಯೇ ಕಟ್ಟುತ್ತದೆ ಎಂದಿತ್ತು. ಮರುದಿನ ಬೆಳಗ್ಗೆ ನಾವು ಮೂವರೂ ಅಬುಧಾಬಿಯ ಪಿಂಚಣಿ ಕಚೇರಿಯ ಬಾಗಿಲಿನಲ್ಲಿ ನಿಂತಿದ್ದೆವು. ಅಲ್ಲಿನ ಎಮಿರಾತಿ ಅಧಿಕಾರಿ, ಇನ್ನೂ ಚಿಕ್ಕ ಪ್ರಾಯದವನು, ನಮ್ಮ ಕಾಗದಗಳನ್ನು ನಿಧಾನವಾಗಿ ಓದಿದ. ತಡವಾಗಿ ನೋಂದಾಯಿಸಲು ದಾರಿ ಇದೆ, ಸೇರಿದ ದಿನದಿಂದಲೇ ಹಿಡಿಯಬಹುದು, ಆದರೆ ಮಸ್ಕತ್ ಒಪ್ಪಬೇಕು ಅಂದ. ಕಾಕ ಅರಬಿಯಲ್ಲಿ ಅವನ ಅಪ್ಪ ಅಮ್ಮನ ಆರೋಗ್ಯವನ್ನೆಲ್ಲ ವಿಚಾರಿಸಿದರು. ಪರಿಚಯವುಂಟಾ ಎಂದು ಆಮೇಲೆ ಕೇಳಿದರೆ, ಇಲ್ಲ, ಇನ್ನು ಉಂಟು ಅಂದರು.

ಏಳು ವಾರ ಕಾದೆವು. ಆ ಏಳು ವಾರ ನಾನು ತಿಂದದ್ದು ಮೈಗೆ ಹತ್ತಲಿಲ್ಲ. ಒಂದು ಬೆಳಗ್ಗೆ ಆಕೆ ಫೋನು ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟಳು. ಮಸ್ಕತ್ತಿನ ಪಿಂಚಣಿ ಪಟ್ಟಿ. ವರ್ಷಗಳು ಒಂದರ ಕೆಳಗೆ ಒಂದು, ಎಲ್ಲಿಯೂ ತುಂಡಾಗದೆ ನಿಂತಿದ್ದವು. ಆಕೆ ಅತ್ತಳು. ನಾನು ಆಕೆಗಿಂತ ಜೋರಾಗಿ ಅತ್ತೆ. ಕಾಕ ಬಂದು ಮೇಜಿನ ಮೇಲಿದ್ದ ಪಾಸ್‌ಪೋರ್ಟುಗಳನ್ನು ಒದ್ದೆಯಾಗದ ಹಾಗೆ ಅತ್ತ ಸರಿಸಿದರು.

"ಖಲಾಸ್. ಈಗ ಇವಳಿಗೊಂದು ಫೈಲು ಮಾಡು ಮಾರಾಯ್ತಿ."

ಇದೆಲ್ಲ ಆಗಿ ಐದು ವರ್ಷ. ಕಳೆದ ಚಳಿಗಾಲದಲ್ಲಿ ಕಾಕ ಊರಿಗೆ ಹೊರಟರು. ನಮಗೆ ಆರು ದೇಶಗಳ ಒಪ್ಪಂದವೂ ಇಲ್ಲ, ಪಿಂಚಣಿಯೂ ಇಲ್ಲ. ವೀಸಾ ರದ್ದಾಗುತ್ತದೆ, ಫೈಲು ಮುಚ್ಚುತ್ತದೆ, ಅಷ್ಟೆ. ವೀಸಾದ ಫೈಲಲ್ಲದೆ ಒಬ್ಬೊಬ್ಬರದೂ ಇನ್ನೊಂದು ಫೈಲು ಮ್ಯಾನೇಜರ ಬೀಗದ ಕಪಾಟಿನಲ್ಲಿರುತ್ತದೆ, ಯಾರಾದರೂ ಕೆಲಸ ಬಿಡುವಾಗ ಮಾತ್ರ ಅದು ನನ್ನ ಕೈಗೆ ಬರುತ್ತದೆ. ಕಾಕನ ಆ ಫೈಲಿನಲ್ಲಿ ಒಂದು ಎಚ್ಚರಿಕೆಯ ಪತ್ರವಿತ್ತು. ಒಮಾನಿ ಉದ್ಯೋಗಿಯ ನೋಂದಣಿ ತಪ್ಪಿದ್ದು ಮಂದೂಬನ ನಿರ್ಲಕ್ಷ್ಯ, ಆದ್ದರಿಂದ ಈ ವರ್ಷದ ರಜೆ ರದ್ದು. ಕೆಳಗೆ ಒಪ್ಪಿದ್ದೇನೆ ಎಂದು ಅವರ ಸಹಿ. ಆ ವರ್ಷ ಅವರು ಊರಿಗೆ ಹೋಗಿರಲಿಲ್ಲ. ಮಂಡಿ ನೋವು, ವಿಮಾನದಲ್ಲಿ ಕೂರಲಿಕ್ಕಾಗುವುದಿಲ್ಲ ಅಂದಿದ್ದರು. ನಾನು ನೋವಿನ ಎಣ್ಣೆ ತಂದುಕೊಟ್ಟಿದ್ದೆ.

ಅವರು ನನ್ನೆದುರಿನ ಕುರ್ಚಿಯಲ್ಲೇ ಕೂತಿದ್ದರು. ಪತ್ರ ತೋರಿಸಿ, ಇದೆಂತ ಕಾಕ ಅಂದೆ.

"ನನ್ನದು ಒಂದು ರಜೆ ಹೋಯ್ತು. ನಿನ್ನದಾದ್ರೆ ಮೂರು ಜನರ ವೀಸಾ ಹೋಗ್ತಿತ್ತು," ಅಂದರು, ಬಸ್ಸಿನ ಸಮಯ ಹೇಳಿದ ಹಾಗೆ. "ಎಣ್ಣೆ ಒಳ್ಳೆದಿತ್ತು."

ನಾನು ಅಲ್ಲಿಯೇ ಕೂತು ಒಂದು ಪುಟ ಟೈಪ್ ಮಾಡಿದೆ. ತಪ್ಪು ನನ್ನದು, ಮಂದೂಬರದ್ದಲ್ಲ, ಅವರು ಅದನ್ನು ಸರಿಪಡಿಸಿದವರು ಎಂದು ಬರೆದು ಮ್ಯಾನೇಜರ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು. ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ ಅಂದರು. ಕಾಕನ ಫೈಲು ಇವತ್ತು ಮುಚ್ಚುತ್ತದೆ, ಅದಕ್ಕೆ ಅಂದೆ. ಮ್ಯಾನೇಜರು ಹಳೆಯ ಪತ್ರವನ್ನು ಹರಿದರು, ಹೊಸದಕ್ಕೆ ಸಹಿ ಹಾಕಿದರು.

ಕಾಕ ಈಗ ಊರಿನಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಸುಖವಾಗಿದ್ದಾರೆ. ತಪ್ಪು ನನ್ನದಾದ್ದರಿಂದ ನನ್ನ ಪುಟ ನನ್ನ ಫೈಲಿನಲ್ಲಿದೆ. ನಾನು ಈ ಕೆಲಸ ಬಿಡುವ ದಿನ ಯಾರೋ ಅದನ್ನು ತೆಗೆದು ಓದುತ್ತಾರೆ. ಓದಲಿ. ಅದು ಅಲ್ಲಿದೆ ಎಂದೇ ನನಗೆ ನೆಮ್ಮದಿ.